ಹುಳು ಹಣ್ಣಾಗುವವರೆಗೆ

ನನ್ನ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ಉಳಿಯಿತೋ ಹೋಯಿತೋ ಎಂದು ಕೊನೆಯವರೆಗೂ ಕಾಯಬೇಕಾಗುತ್ತದೆ. ಹಾಗೆ ಕಾಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಈಗ ನನಗಿರುವುದು ಬಲಗಾಲು ಒಂದೇ. ಅದನ್ನಾದರೂ ಉಳಿಸಿಕೊಳ್ಳುವುದು ನನ್ನ, ನಮ್ಮ ಅತ್ತೆಯ ಮತ್ತು ನಮ್ಮೂರಿನ ಆಶಾ ಕಾರ್ಯಕರ್ತೆ ನಾಗವೇಣಿಯ ದಿನನಿತ್ಯದ ಕೆಲಸವಾಗಿದೆ.

ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಜನ ಕೇಳುತ್ತಾರೆ, ಆಕ್ಸಿಡೆಂಟಾ ಎಂದು. ಹೌದು ಎಂದರೆ ಅಯ್ಯೋ ಪಾಪ ಎಂದು ಜಾಗ ಬಿಟ್ಟುಕೊಡುತ್ತಾರೆ. ಶುಗರು ಎಂದು ನಿಜ ಹೇಳಿದರೆ, ಬಾಯಿ ಕಟ್ಟಲಿಲ್ಲವಾ ಎಂದು ಕೇಳುತ್ತಾರೆ. ಅದಕ್ಕೇ ಸೀಟು ಬೇಕಾದಾಗಲೆಲ್ಲ ನನಗೆ ಆಕ್ಸಿಡೆಂಟೇ ಆಗಿರುತ್ತದೆ. ಇಲ್ಲಿ ಮಾತ್ರ ನಿಜ ಬರೆಯುತ್ತಿದ್ದೇನೆ. ನಾನು ಬಾಯಿ ಕಟ್ಟಿದ್ದೆ, ಮಾತ್ರೆ ನುಂಗಿದ್ದೆ, ಆದರೂ ಕಾಲು ಹೋಯಿತು. ನನ್ನ ಹಾಗೆ ಆಸ್ಪತ್ರೆಯಿಂದ ಮನೆಗೆ ಬಂದು, ಗೋಡೆ ಕಡೆ ಮುಖ ಮಾಡಿ ಮಲಗಿರುವವರು ಯಾರಾದರೂ ಇದನ್ನು ಓದಿ, ತಮ್ಮೊಬ್ಬರಿಗೇ ಹೀಗಾಗಿದ್ದಲ್ಲ ಎಂದುಕೊಂಡರೆ ಸಾಕು.

ನನ್ನ ತವರು ರಾಯದುರ್ಗ. ಅಪ್ಪ ಬಟ್ಟೆ ಹೊಲಿಯುತ್ತಿದ್ದರು, ಈಗ ಅದೇ ಮಿಷನ್ನಿನ ಪಕ್ಕ ಇನ್ನೊಂದು ಹಾಕಿಕೊಂಡು ಅಣ್ಣ ಪ್ಯಾಂಟು ಹೊಲಿಯುತ್ತಾನೆ. ಮದುವೆಯಾಗಿ ಆಂಧ್ರದ ಗಡಿಯಲ್ಲೇ ಇರುವ ಮಡಕಶಿರಾ ಕಡೆಗೆ, ಗುಡಿಬಂಡೆ ಹತ್ತಿರದ ಈ ಹಳ್ಳಿಗೆ ಬಂದ ಹೊಸದರಲ್ಲಿ ನನ್ನ ಮಾತು ಕೇಳಿ ಇಲ್ಲಿಯವರಿಗೆ ನಗುವೋ ನಗು. ಹೌದ್ರಿ, ಬರ್ರಿ ಎಂದು ನಾನು ಎಲ್ಲರಿಗೂ ಅನ್ನುತ್ತಿದ್ದೆ. ನಮ್ಮ ಸೊಸೆ ನಾಯಿಗೂ ರೀ ಹಚ್ಚಿ ಕರೀತಾಳೆ ಎಂದು ಅತ್ತೆ ಬೀದಿಗೆಲ್ಲ ಹೇಳಿ ನಗಿಸಿದ್ದರು. ಅತ್ತೆಯ ಮಾತು ಒರಟು. ಮನಸ್ಸು ಹೇಗೆ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಕೊಳವೆಬಾವಿಯ ನೀರಿನಲ್ಲಿ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡೇ ಹುಳುಮನೆ, ಎರಡಕ್ಕೂ ಸೇರಿ ಒಂದೇ ಕಾಂಪೌಂಡು, ಒಂದೇ ಗೇಟು. ನಮ್ಮ ಮನೆಯವರು ಸೊಪ್ಪು ಕಡಿದು ತರುವುದು, ಅತ್ತೆ ಮತ್ತು ನಾನು ಹುಳುವಿಗೆ ಹಾಕುವುದು. ಮಕ್ಕಳು ನಮಗಾಗಲಿಲ್ಲ. ಅದರ ಬಗ್ಗೆ ಅತ್ತೆ ಒಂದು ಕಾಲದಲ್ಲಿ ಬಾಯಿಗೆ ಬಂದಂತೆ ಆಡಿ, ಆಮೇಲೆ ತಾವಾಗಿಯೇ ಸುಮ್ಮನಾಗಿದ್ದರು.

ಕಾಯಿಲೆ ಸಿಕ್ಕಿದ್ದು ನಾಗವೇಣಿಯ ಕೈಗೆ. ಅವಳು ನಮ್ಮ ಹಿಂದಿನ ಬೀದಿಯ ಹುಡುಗಿ, ನನಗಿಂತ ಚಿಕ್ಕವಳು, ಅಲ್ಲಿಯೇ ಸೋದರಮಾವನಿಗೆ ಕೊಟ್ಟಿದ್ದಾರೆ. ಮನೆಮನೆಗೆ ಹೋಗಿ ದೊಡ್ಡವರಿಗೆಲ್ಲ ಬಿಪಿ, ಶುಗರು ನೋಡಬೇಕು ಎಂದು ಅವಳಿಗೆ ಹೇಳಿದ್ದರು. ನಮ್ಮ ಮನೆಗೂ ಬಂದಳು. ಅತ್ತೆಯ ಬೆರಳು ಚುಚ್ಚಿ, ಅಜ್ಜಿ ನೀನು ಇನ್ನೂ ನೂರು ವರ್ಷ ಬೈತೀಯ ಎಂದು ನಗಿಸಿದಳು. ನನ್ನ ಬೆರಳು ಚುಚ್ಚಿ ಮಿಷನ್ನು ನೋಡಿದವಳು ಮಾತ್ರ ನಗಲಿಲ್ಲ. ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, ನಾಳೆ ಬೆಳಿಗ್ಗೆ ಏನೂ ತಿನ್ನದೆ ತನ್ನ ಜೊತೆ ಮಡಕಶಿರಾಕ್ಕೆ ಬರಬೇಕು ಎಂದಳು. ಆಟೋದಲ್ಲಿ ದಾರಿಯುದ್ದಕ್ಕೂ ತನ್ನ ಅತ್ತೆಯ ಚಾಡಿ ಹೇಳಿದಳು. ನನ್ನ ಗಮನ ಬೇರೆ ಕಡೆ ಇರಲಿ ಎಂದು ಹಾಗೆ ಮಾಡುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆವು. ನನ್ನ ಪಕ್ಕ ಅಲ್ಲೇ ಹತ್ತಿರದ ರತ್ನಗಿರಿ ಕಡೆಯ ಒಬ್ಬ ಹೆಂಗಸಿದ್ದಳು. ಹೊಸದಾಗಿ ಬಂದವಳು ಎಂದು ನನ್ನ ಮುಖ ನೋಡಿಯೇ ಗುರುತು ಹಿಡಿದಳೇನೋ. ಸೆರಗಿನಿಂದ ಒಂದು ಸೀಬೆಕಾಯಿ ಬಿಚ್ಚಿ ಹಲ್ಲಿನಲ್ಲೇ ಅರ್ಧ ಮಾಡಿ, ರಕ್ತ ಕೊಟ್ಟ ಮೇಲೆ ತಿನ್ನು, ನಮಗೆ ಇದು ತಿನ್ನಬಹುದು ಎಂದು ನನ್ನ ಕೈಗಿಟ್ಟಳು. 'ನಮಗೆ' ಎಂದು ಅವಳು ಅಂದದ್ದಕ್ಕೆ ನನಗೆ ಅಳು ಬಂತು. ಒಳಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳುವ ಮುಂಚೆಯೇ ಒಬ್ಬ ಅಪರಿಚಿತ ಹೆಂಗಸು ನನ್ನನ್ನು ತನ್ನ ಕಡೆಗೆ ಸೇರಿಸಿಕೊಂಡಾಗಿತ್ತು.

ಮನೆಗೆ ಬಂದು ಹೇಳಿದಾಗ ಅತ್ತೆ, ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ರಾಯದುರ್ಗದಿಂದ ತಂದಿರುವುದು ಎಂದರು. ನಮ್ಮ ಮನೆಯವರು ಮಾರನೆಯ ದಿನದಿಂದ ತಮ್ಮ ಕಾಫಿಗೂ ಸಕ್ಕರೆ ಬೇಡ ಎಂದರು. ಹೋಟೆಲಿನಲ್ಲಿ ಹೋಗಿ ಡಬಲ್ ಸಕ್ಕರೆ ಹಾಕಿಸಿಕೊಂಡು ಕುಡಿಯುತ್ತಾರೆ ಎಂದು ಆಮೇಲೆ ತಿಳಿಯಿತು. ಆದರೂ ನನ್ನೆದುರು ಕಹಿ ಕಾಫಿ ಕುಡಿಯುವ ಮರ್ಯಾದೆ ತೋರಿಸಿದರಲ್ಲ ಎಂದು ನನಗೆ ಅವರ ಮೇಲೆ ಪ್ರೀತಿ ಹೆಚ್ಚಾಯಿತು.

ಅಂದಿನಿಂದ ನಾಗವೇಣಿ ಬರತೊಡಗಿದಳು. ನನಗೆ ಕಾಯಿಲೆ ಇದೆ ಎಂದು ಬೀದಿಗೆ ತಿಳಿಯುವುದು ನನಗೆ ಇಷ್ಟವಿರಲಿಲ್ಲ. ಅದು ಅವಳಿಗೆ ಹೇಳದೆಯೇ ಗೊತ್ತಾಗಿ, ಪ್ರತಿ ಸಲವೂ ಕರಿಬೇವು ಕೇಳುವ ನೆಪದಲ್ಲಿ ಬರುತ್ತಿದ್ದಳು. ಗೇಟಿನಿಂದಲೇ ಜೋರಾಗಿ ಕರಿಬೇವು ಕೇಳಿ, ಒಳಗೆ ಬಂದು ಪಡಸಾಲೆಯಲ್ಲಿ ಕೂತು, ಶುಗರು ನೋಡಿ, ಮಾತ್ರೆ ಎಷ್ಟು ಉಳಿದಿವೆ ಎಂದು ಎಣಿಸಿ, ಕೊನೆಗೆ ನನ್ನ ಪಾದ ತನ್ನ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಬೆರಳ ಸಂದು, ಹಿಮ್ಮಡಿ, ಅಂಗಾಲು ಎಲ್ಲ ತಿರುಗಿಸಿ ನೋಡುತ್ತಿದ್ದಳು. ಹೋಗುವಾಗ ಮರೆಯದೆ ಕರಿಬೇವು ಕಿತ್ತುಕೊಳ್ಳುತ್ತಿದ್ದಳು. ನಮ್ಮ ಗಿಡ ಬೋಳಾದದ್ದು ನನ್ನ ಕಾಯಿಲೆಯಿಂದಲೇ ಎಂದು ಅತ್ತೆ ಗೊಣಗುತ್ತಿದ್ದರು.

ಒಂದು ದಿನ ಅವಳನ್ನು ಗೇಟಿನವರೆಗೆ ಬಿಟ್ಟುಬರಲು ಹೋಗಿದ್ದೆ. ಮಾತಾಡುತ್ತಾ ನಡೆಯುವಾಗ ಅವಳು ನನ್ನ ಕಾಲು ನೋಡಿ ನಕ್ಕಳು. ಎಡಗಾಲಿನ ಚಪ್ಪಲಿ ಅಂಗಳದ ನಡುವೆಯೇ ಕಳಚಿ ಬಿದ್ದಿತ್ತು, ನಾನು ಒಂದೇ ಚಪ್ಪಲಿಯಲ್ಲಿ ಹಾಗೇ ನಡೆದುಬಂದಿದ್ದೆ. ನಾನೂ ನಕ್ಕೆ. ಅವಳ ನಗು ನಡುವೆಯೇ ನಿಂತಿತು. ಕಾಲಿಗೆ ಅರಿವು ಕಡಿಮೆಯಾಗುತ್ತಿದೆ, ಇನ್ನು ಮುಂದೆ ಗಾಯವಾದರೂ ನಿನಗೆ ಗೊತ್ತಾಗುವುದಿಲ್ಲ, ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಓಡಾಡಬೇಕು ಎಂದು ಹೇಳಿ ಹೋದಳು. ಮುಂದಿನ ಸಲ ಬರುವಾಗ ಮೆತ್ತಗಿನ ಒಂದು ಜೊತೆ ತಂದೇ ಕೊಟ್ಟಳು. ದೇವರ ಗೂಡಿನ ಎದುರು ಚಪ್ಪಲಿಯಲ್ಲಿ ಓಡಾಡುವ ಸೊಸೆಯನ್ನು ಅತ್ತೆ ಹೇಗೆ ಸಹಿಸಿಕೊಂಡರು ಎಂದು ಅವರನ್ನೇ ಕೇಳಬೇಕು. ಆದರೆ ಹುಳುಮನೆಯೊಳಗೆ ಮಾತ್ರ ಚಪ್ಪಲಿ ಬೇಡ ಎಂದರು. ಅದನ್ನು ನಾನೂ ಒಪ್ಪಿದೆ, ನಾಗವೇಣಿಯೂ ಒಪ್ಪಿದಳು.

ಹುಳು ಸಾಕುವ ಮನೆಗಳ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅವು ಬೆರಳುಗಾತ್ರ ಆಗುತ್ತವೆ, ಎಷ್ಟು ಸೊಪ್ಪು ಹಾಕಿದರೂ ಸಾಲುವುದಿಲ್ಲ. ಮೈ ಹೊಳಪಾಗಿ, ತಿನ್ನುವುದು ಬಿಟ್ಟು ಗೂಡು ಕಟ್ಟಲು ತಲೆ ಎತ್ತಿದರೆ ಹಣ್ಣಾದವು ಎನ್ನುತ್ತೇವೆ. ಜ್ವರ ಎದ್ದಾಗಿನಿಂದ ಹಣ್ಣಾಗುವವರೆಗೆ ಹೊರಗಿನವರು ಯಾರೂ ಗೇಟು ದಾಟುವಂತಿಲ್ಲ. ಬೇವಿನ ಕೊಂಬೆಯೊಂದನ್ನು ಗೇಟಿಗೆ ಅಡ್ಡ ಕಟ್ಟಿದರೆ ಊರಿಗೆಲ್ಲ ತಿಳಿಯುತ್ತದೆ. ನಾಲ್ಕು ಮನೆ ತಿರುಗಿ ಬಂದ ಕಾಲು ಹುಳುವಿಗೆ ಸಪ್ಪೆರೋಗ ತರುತ್ತದೆ, ಇಡೀ ಬೆಳೆ ಕೊಳೆತು ಹೋಗುತ್ತದೆ. ಹಾಗೆ ಯಾರ ಮನೆಯಲ್ಲಾದರೂ ಆದರೆ, ಕೊನೆಯ ಸಲ ಒಳಗೆ ಬಂದಿದ್ದವರು ಯಾರು ಎಂದು ವಿಚಾರಿಸುತ್ತಾರೆ. ಆ ಹೆಸರು ಬಹಳ ಕಾಲ ಅಂಟಿಕೊಂಡಿರುತ್ತದೆ.

ನಾಗವೇಣಿಯ ಕೆಲಸವೇ ಮನೆಮನೆ ತಿರುಗುವುದು. ಜ್ವರ ಬಂದವರ ಮನೆ, ಗಾಯವಾದವರ ಮನೆ, ಬಾಣಂತಿಯ ಮನೆ. ಅವಳೂ ಹುಳು ಸಾಕುವವರ ಮನೆಯ ಮಗಳೇ, ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇವಿನ ಕೊಂಬೆ ಕಂಡರೆ ಅವಳು ತಾನೇ ಗೇಟಿನಾಚೆ ನಿಲ್ಲುತ್ತಿದ್ದಳು. ಮಾತ್ರೆಯ ಪೊಟ್ಟಣವನ್ನು ಕಾಂಪೌಂಡಿನ ಮೇಲೆ ಇಟ್ಟು ದೂರ ಸರಿಯುತ್ತಿದ್ದಳು, ನಾನು ತೆಗೆದುಕೊಳ್ಳುತ್ತಿದ್ದೆ. ನಾವು ತಡೆಯಲಿಲ್ಲ, ಅವಳು ಬಿಡಿ ಎಂದು ಕೇಳಲಿಲ್ಲ. ಅದೇ ಮರ್ಯಾದೆ ಎಂದು ಇಬ್ಬರಿಗೂ ಅನ್ನಿಸಿತ್ತು. ನಾನೇ ಹೊರಗೆ ಹೋಗಿ ಕಾಲು ತೋರಿಸಬಹುದಿತ್ತಲ್ಲ ಎಂದು ಆಸ್ಪತ್ರೆಯಲ್ಲಿ ಬಹಳ ಜನ ಕೇಳಿದರು. ಹೊರಗಿನವರನ್ನು ಮುಟ್ಟಿದರೆ ಮತ್ತೆ ತಲೆಗೆ ಸ್ನಾನ ಮಾಡದೆ ಹುಳುಮನೆಗೆ ಹೋಗುವಂತಿಲ್ಲ. ಆ ದಿನಗಳಲ್ಲಿ ಊಟಕ್ಕೆ ಕೂರಲೂ ಬಿಡುವಿರುವುದಿಲ್ಲ. ನೋಯುತ್ತಿದ್ದರೆ ಹೋಗುತ್ತಿದ್ದೆನೋ ಏನೋ. ನೋಯಲಿಲ್ಲ.

ಕಾಲು ಹೋದ ಆ ಬೆಳೆಯಲ್ಲೂ ನಾಗವೇಣಿ ಗೇಟಿನಾಚೆಯಿಂದ ಕೇಳಿದಳು.

"ಕಾಲು ಹೆಂಗೈತಕ್ಕ?"

"ಚೆನ್ನಾಗೈತೆ ಕಣೆ" ಎಂದೆ.

ಸುಳ್ಳಲ್ಲ, ಚೆನ್ನಾಗಿದೆ ಎಂದೇ ನಾನು ತಿಳಿದಿದ್ದೆ. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತೇವೆ, ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಒಳಗೆ ನೆಲಕ್ಕೆಲ್ಲ ಸುಣ್ಣದ ಪುಡಿ. ನಡುವೆ ಕಡಿದ ಕಡ್ಡಿಗಳ ಮೊನೆಗಳು ಬಿದ್ದಿರುತ್ತವೆ. ಯಾವ ಹೊತ್ತಿನಲ್ಲೋ ಒಂದು ಹಿಪ್ಪುನೇರಳೆ ಕಡ್ಡಿ ನನ್ನ ಎಡ ಅಂಗಾಲಿಗೆ ಹೊಕ್ಕು ಅಲ್ಲೇ ಮುರಿದುಕೊಂಡಿತ್ತು. ಅದರ ಮೇಲೇ ನಾನು ಸೊಪ್ಪು ಹೊತ್ತು ತಿರುಗಾಡಿದ್ದೆ, ಬ್ಲೀಚಿಂಗ್ ನೀರು ಮೆಟ್ಟಿದ್ದೆ, ಸುಣ್ಣ ತುಳಿದಿದ್ದೆ. ಒಂದು ತರಹದ ವಾಸನೆ ಬರುತ್ತಿತ್ತು. ಹುಳುಮನೆಯಲ್ಲಿ ಹಿಕ್ಕೆ, ಕೊಳೆತ ಸೊಪ್ಪು ಸೇರಿ ಯಾವಾಗಲೂ ವಾಸನೆ ಇರುವುದೇ. ಅತ್ತೆ ಮೂಗು ಎಳೆದುಕೊಂಡು, ಎಲ್ಲೋ ಹುಳು ಸತ್ತಿರಬೇಕು ನೋಡೇ ಎಂದರು. ಇಬ್ಬರೂ ತಟ್ಟೆತಟ್ಟೆಯನ್ನೂ ಹುಡುಕಿದೆವು. ಸತ್ತ ಹುಳು ಒಂದೂ ಸಿಗಲಿಲ್ಲ.

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು ಮುಗಿಸಿದ ಸಂಜೆ, ಬಚ್ಚಲಲ್ಲಿ ಕೂತು ಕಾಲು ತೊಳೆದುಕೊಳ್ಳುತ್ತಿದ್ದೆ. ಕೈಗೆ ಏನೋ ಗಟ್ಟಿಯಾಗಿ ತಾಗಿತು. ಎಳೆದೆ. ಕಡ್ಡಿಯ ತುಂಡು ಬಂತು, ಅದರ ಹಿಂದೆ ಕೀವು ಬಂತು. ಆಗಲೂ ನೋವಿರಲಿಲ್ಲ. ಬೇರೆ ಯಾರದೋ ಕಾಲಿನಿಂದ ಎಳೆಯುತ್ತಿದ್ದೇನೆ ಎನ್ನುವ ಹಾಗಿತ್ತು. ಹೆಬ್ಬೆರಳು ಕಪ್ಪಾಗಿತ್ತು. ಅತ್ತೆಯನ್ನು ಕೂಗಿದೆ. ಅವರು ಬಂದು ಬಗ್ಗಿ ನೋಡಿದರು.

ನಾಗವೇಣಿಗೆ ಹೇಳಿಕಳಿಸಿದೆವು. ಬೇವಿನ ಕೊಂಬೆ ಇನ್ನೂ ಗೇಟಿನಲ್ಲೇ ಇತ್ತು, ಅದನ್ನು ತಳ್ಳಿಕೊಂಡು ಓಡಿಬಂದಳು. ಪಾದ ಕೈಗೆತ್ತಿಕೊಂಡು ನೋಡಿ, ನನ್ನ ಮುಖ ನೋಡದೆ ಅಂಬುಲೆನ್ಸಿಗೆ ಫೋನು ಹಚ್ಚಿದಳು. ಮಡಕಶಿರಾದವರು ಕಟ್ಟು ಹಾಕಿ ಅನಂತಪುರಕ್ಕೆ ಹೋಗಿ ಎಂದರು. ಅವಳು ಅಲ್ಲಿಯವರೆಗೂ ಜೊತೆಗೆ ಬಂದಳು. ಈ ಸಲ ದಾರಿಯಲ್ಲಿ ಯಾರ ಚಾಡಿಯನ್ನೂ ಹೇಳಲಿಲ್ಲ.

ಅನಂತಪುರದ ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಕಾದೆವು. ಕಾಯುವವರೆಲ್ಲ ಒಬ್ಬರ ಕಟ್ಟನ್ನು ಇನ್ನೊಬ್ಬರು ನೋಡುತ್ತಿದ್ದರು. ಯಾರ ಕಟ್ಟು ಎಷ್ಟು ಮೇಲಿನವರೆಗೆ ಇದೆ ಎಂದು ನಾನೂ ನೋಡಿದೆ. ಮೊದಲು ಬೆರಳು ತೆಗೆದರೆ ಸಾಕು ಎಂದರು, ಆಮೇಲೆ ಮುಂಗಾಲು ಎಂದರು. ಕೆಲವು ದಿನ ಕಳೆದ ಮೇಲೆ ಡಾಕ್ಟರಮ್ಮ ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತರು. ಡಾಕ್ಟರು ಹಾಸಿಗೆಯ ಮೇಲೆ ಕೂತರೆ ಒಳ್ಳೆಯ ಸುದ್ದಿಯಲ್ಲ ಎಂದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಕಾಲು ಉಂಚಿತೇ ಪ್ರಾಣಂ ಪೋತುಂದಮ್ಮಾ" ಎಂದು ತೆಲುಗಿನಲ್ಲಿ ಅಂದರು. ಕಾಲು ಇಟ್ಟುಕೊಂಡರೆ ಪ್ರಾಣ ಹೋಗುತ್ತದೆ ಎಂದು ಇಷ್ಟು ಮೆಲ್ಲಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ಸಹಿ ಹಾಕಲು ಪೆನ್ನು ಹಿಡಿದು ನನ್ನನ್ನೇ ನೋಡುತ್ತಾ ನಿಂತರು. ಹಾಕ್ರಿ ಎಂದೆ. ಎಷ್ಟೋ ವರ್ಷಗಳ ಮೇಲೆ ತವರಿನ ರೀ ತಾನಾಗಿಯೇ ಬಾಯಿಗೆ ಬಂದಿತ್ತು. ಅವರು ಅಲ್ಲೇ ಗೋಡೆಗೆ ಒರಗಿ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಕಾಲು ತೆಗೆದ ಮೇಲೆ ಅದನ್ನು ಏನು ಮಾಡುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನೀವು ಒಯ್ಯುತ್ತೀರಾ, ನಾವೇ ನೋಡಿಕೊಳ್ಳೋಣವಾ ಎಂದು ಅಲ್ಲಿಯವರು ನಮ್ಮ ಮನೆಯವರನ್ನು ಕೇಳಿದರಂತೆ. ನಮ್ಮ ಜನರಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಅವರು ಕೈಚಾಚಿ ಇಸಿದುಕೊಂಡರು. ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಊರಿಗೆ ಹೋದರು. ಪಕ್ಕದಲ್ಲಿ ಕೂತವರು ಚೀಲದಲ್ಲಿ ಏನು ಎಂದು ಕೇಳಿದರಂತೆ. ಏನೋ ಒಂದು ಹೇಳಿದೆ ಎಂದರು. ಏನು ಹೇಳಿದರು ಎಂದು ನನಗೆ ಇವತ್ತಿಗೂ ಹೇಳಿಲ್ಲ, ನಾನೂ ಮತ್ತೆ ಕೇಳಿಲ್ಲ.

ಮಾವನವರ ಸಮಾಧಿಯ ಪಕ್ಕದಲ್ಲಿ ಗುಂಡಿ ತೆಗೆದರು. ಅತ್ತೆ ವಿಭೂತಿ ಇಟ್ಟು, ಹೊಸ ರವಿಕೆ ಬಟ್ಟೆ ಹೊದಿಸಿ, ಆಪರೇಷನ್ನಿಗೆ ಮುಂಚೆ ನರ್ಸು ಕಳಚಿ ಕೊಟ್ಟಿದ್ದ ಎಡಗಾಲಿನ ಕಾಲುಂಗುರವನ್ನೂ ಅದರ ಜೊತೆಗೇ ಇಟ್ಟರಂತೆ. ನಾನು ಬದುಕಿರುವಾಗಲೇ ನನ್ನ ಸ್ವಲ್ಪ ಭಾಗಕ್ಕೆ ಮಣ್ಣು ಹಾಕಿ, ಸ್ನಾನ ಮಾಡಿ ಮನೆಗೆ ಬಂದರು.

ಆ ಸಲದ ಗೂಡು ನಮ್ಮ ಮನೆಯಲ್ಲಿ ಎಂದೂ ಬಂದಿರದಷ್ಟು ಚೆನ್ನಾಗಿ ಬಂದಿತ್ತು. ಹಿಂದೂಪುರದ ಮಾರುಕಟ್ಟೆಯಲ್ಲಿ ಜನ ಮುಷ್ಟಿಯಲ್ಲಿ ಹಿಡಿದು ನೋಡಿ, ಯಾರು ಸಾಕಿದ್ದು ಎಂದು ಕೇಳಿದರಂತೆ. ನಮ್ಮ ಮನೆಯವರು ನನಗೆ ಸಂತೋಷವಾಗಲಿ ಎಂದು ವಾರ್ಡಿಗೆ ಬಂದು ಅದನ್ನು ಹೇಳಿದರು. ನಾನು ಆ ಕಡೆ ತಿರುಗಿ ಮಲಗಿದೆ.

ರಾಯದುರ್ಗದಿಂದ ಅಣ್ಣ ಬಂದ. ಬಾಗಿಲಲ್ಲೇ ನಿಂತು, ಹೊದಿಕೆ ಒಂದು ಕಡೆ ತಗ್ಗಾಗಿರುವುದನ್ನು ನೋಡಿದ.

"ಯಾಕವ್ವಾ, ಒಂದ್ ಫೋನಾರ ಮಾಡಬಾರ್ದಿತ್ತಾ?" ಎಂದ.

ಅಷ್ಟು ಹೇಳಿ ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ. ಮುಂದಿನ ವಾರ ಬರುವಾಗ ಮೆತ್ತನೆಯ ಬನಿಯನ್ ಬಟ್ಟೆಯಲ್ಲಿ ಟೋಪಿಯಂಥವನ್ನು ಹೊಲಿದುಕೊಂಡು ಬಂದ, ಕತ್ತರಿಸಿದ ಕಾಲಿನ ತುದಿಗೆ ಹಾಕಿಕೊಳ್ಳಲು. ಹೊಲಿಗೆ ಎಲ್ಲೂ ಚರ್ಮಕ್ಕೆ ತಾಗದ ಹಾಗೆ ಹೊರಮುಖವಾಗಿ ಹೊಲಿದಿದ್ದ. ಪಕ್ಕದ ಹಾಸಿಗೆಯವರು ನೋಡಿ ತಮಗೂ ಬೇಕೆಂದರು. ವಾರ್ಡಿನಲ್ಲಿ ಅಳತೆ ತೆಗೆದುಕೊಂಡು ಹೋದ. ಆ ಹಾಳು ದಿನಗಳಲ್ಲಿ ನಾನು ನಕ್ಕದ್ದು ಅಣ್ಣ ಟೇಪು ಕುತ್ತಿಗೆಗೆ ಹಾಕಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋದದ್ದನ್ನು ನೋಡಿದಾಗ ಮಾತ್ರ.

ಮನೆಗೆ ಬಂದ ಮೇಲೆ ನಾಗವೇಣಿ ಬರಲಿಲ್ಲ. ಮಾತ್ರೆಗಳು ಬೇರೆಯವರ ಕೈಯಲ್ಲಿ ಬರುತ್ತಿದ್ದವು. ಬರದಿದ್ದರೇ ಒಳ್ಳೆಯದು ಎಂದು ನನಗೂ ಅನ್ನಿಸುತ್ತಿತ್ತು. ನನಗೆ ಅವಳ ಮೇಲೆ ಸಿಟ್ಟಿತ್ತು. ಅತ್ತೆಯ ಮೇಲೆ, ಹುಳುಗಳ ಮೇಲೆ, ಚೆನ್ನಾಗಿ ಬಂದ ಗೂಡಿನ ಮೇಲೆ, ನೋಯದೆ ಮೋಸ ಮಾಡಿದ ಕಾಲಿನ ಮೇಲೆ ಎಲ್ಲದರ ಮೇಲೂ ಸಿಟ್ಟಿತ್ತು. ಇಲ್ಲದ ಪಾದದ ಹೆಬ್ಬೆರಳು ಒಮ್ಮೊಮ್ಮೆ ತುರಿಸುತ್ತಿತ್ತು. ಇದ್ದಾಗ ಒಂದು ಮಾತು ಹೇಳದ ಕಾಲು ಹೋದ ಮೇಲೆ ದಿನವೆಲ್ಲ ಮಾತಾಡುತ್ತಿತ್ತು.

ಒಂದು ಬೆಳಿಗ್ಗೆ ಗೇಟಿನಾಚೆ ಅವಳು ನಿಂತಿರುವುದು ಕಂಡಿತು. ಗೇಟಿಗೆ ಬೇವಿನ ಕೊಂಬೆ ಇರಲಿಲ್ಲ, ಮನೆಯಲ್ಲಿ ಹುಳುವೂ ಇರಲಿಲ್ಲ. ಆದರೂ ಆಚೆಯೇ ನಿಂತಿದ್ದಳು. ಕರಿಬೇವು ಕೇಳಲಿಲ್ಲ. ಅತ್ತೆ ಕಸ ಗುಡಿಸುತ್ತಿದ್ದವರು ಪೊರಕೆ ಬಿಟ್ಟು ಹೋಗಿ ಗೇಟು ತೆಗೆದು, ಅವಳ ಕೈ ಹಿಡಿದು ಕರೆದುಕೊಂಡು ಬಂದರು. ಅವಳು ನನ್ನ ಮಂಚದ ಹತ್ತಿರ ನೆಲದ ಮೇಲೆ ಕೂತಳು.

"ನಾನು ಅಲ್ಲೇ ನಿಂತ್ಕಂಡು ಕೇಳ್ದೆ ಅಕ್ಕ. ಕೇಳೋದು ಊರೋರೆಲ್ಲ ಕೇಳ್ತಾರೆ. ನೋಡೋದು ನನ್ನ ಕೆಲ್ಸ. ನೋಡ್ಲಿಲ್ಲ" ಎಂದಳು.

ಪರವಾಗಿಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಪರವಾಗಿಲ್ಲದ ವಿಷಯ ಅದಾಗಿರಲಿಲ್ಲ. ಅತ್ತೆಯೇ ಮಾತಾಡಿದರು.

"ನೀನು ಬಂದಿದ್ರೂ ನಾನು ಬಿಡ್ತಿರ್ಲಿಲ್ಲ ಕಣೆ. ಎಲ್ಲಾ ನಿನ್ನ ಮೇಲೆ ಎಳ್ಕಬೇಡ" ಎಂದರು. ಹೇಳಿ, ಕಾಫಿ ಕಾಯಿಸುತ್ತೇನೆಂದು ಒಳಗೆ ಹೋದರು. ಒಳಗಿನಿಂದ ಮೂಗು ಒರೆಸಿಕೊಳ್ಳುವ ಸದ್ದು ಬಂತು. ನಾಗವೇಣಿ ನನ್ನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳ ಸಂದು ನೋಡುವಾಗ ಅವಳ ಕಣ್ಣೀರು ಪಾದದ ಮೇಲೆ ಬಿತ್ತು, ಅವಳೇ ಒರೆಸಿದಳು. ನನ್ನ ಸಿಟ್ಟು ಅವತ್ತೇ ಹೋಯಿತು ಎಂದರೆ ಸುಳ್ಳಾಗುತ್ತದೆ. ಬರುತ್ತಾ ಬರುತ್ತಾ ಕಡಿಮೆಯಾಯಿತು.

ಒಂದು ವರ್ಷ ಹುಳು ಬೇಡ ಎಂದು ಸುಮ್ಮನಿದ್ದೆವು. ತೋಟವಿದೆ, ಬೇರೆ ಕಸುಬು ಗೊತ್ತಿಲ್ಲ, ಎಷ್ಟು ದಿನ ಹಾಗೇ ಇರುವುದು. ಮತ್ತೆ ತಂದೆವು. ನಾಲ್ಕನೆಯ ಜ್ವರ ಎದ್ದ ದಿನ ಬೇವಿನ ಕೊಂಬೆ ಗೇಟಿಗೆ ಬಂತು. ವಾರಕ್ಕೊಮ್ಮೆ ತಾನು ಬರುವ ದಿನ ನಾಗವೇಣಿ ಬಂದು ಆಚೆ ನಿಂತಳು. ಅತ್ತೆ ಒಂದು ಬಕೆಟ್ಟು ಬ್ಲೀಚಿಂಗ್ ನೀರು ಒಯ್ದು ಅವಳ ಕಾಲಿಗೆ ಸುರಿದು, ತಮ್ಮದೊಂದು ಒಗೆದ ಸೀರೆ ಕೊಟ್ಟು, ಉಟ್ಟುಕೊಂಡು ಒಳಗೆ ಬಾ ಎಂದರು. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಅತ್ತೆಯ ದೊಗಳೆ ಸೀರೆಯಲ್ಲಿ ಬಂದ ನಾಗವೇಣಿ ನನ್ನ ಕಾಲು ನೋಡಿ ಹೋದಳು.

ಆ ಬೆಳೆಗೆ ಸಪ್ಪೆರೋಗ ಬಿತ್ತು. ಅರ್ಧಕ್ಕರ್ಧ ಹುಳು ಕಪ್ಪಾಗಿ ಕರಗಿಹೋದವು. ಅವಳ ಕಾಲಿನಿಂದ ಬಂತೋ, ಸೊಪ್ಪಿನಿಂದ ಬಂತೋ, ಸೆಕೆಯಿಂದ ಬಂತೋ ಯಾರಿಗೂ ಗೊತ್ತಿಲ್ಲ. ಅತ್ತೆ ಸತ್ತ ಹುಳುಗಳನ್ನು ಮಂಕರಿಗೆ ತುಂಬಿಕೊಂಡು ಹೋಗಿ ಗುಂಡಿಗೆ ಸುರಿದರು, ಮೇಲೆ ಸುಣ್ಣ ಹಾಕಿದರು. ಎದುರು ಮನೆಯಾಕೆ ಬಂದು, ಯಾರು ಒಳಗೆ ಬಂದಿದ್ದರು ಎಂದು ಗೊತ್ತಿದ್ದೂ ಕೇಳಿದಳು. ಬಿಸಿಲಿಗೆ ಬಾಡಿದ ಸೊಪ್ಪು ಹಾಕಿದೆ, ನನ್ನದೇ ತಪ್ಪು ಎಂದರು ಅತ್ತೆ. ನಮ್ಮ ಮನೆಯಲ್ಲಿ ಬಾಡಿದ ಸೊಪ್ಪು ಒಂದು ದಿನವೂ ಹಾಕಿಲ್ಲ. ಅವರು ಅದನ್ನು ನನ್ನೆದುರು ಮತ್ತೆ ಎತ್ತಲಿಲ್ಲ, ನಾಗವೇಣಿಯ ಕಿವಿಗಂತೂ ಬೀಳಗೊಡಲಿಲ್ಲ. ಮುಂದಿನ ಬೆಳೆಯಲ್ಲೂ ಬಕೆಟ್ಟು, ಸೀರೆ ಗೇಟಿನ ಹತ್ತಿರ ಸಿದ್ಧವಾಗಿದ್ದವು.

ಈಗ ಕೃತಕ ಕಾಲು ಹಾಕಿಕೊಂಡು ಅಡುಗೆಮನೆಯಿಂದ ಗೇಟಿನವರೆಗೆ ನಡೆಯುತ್ತೇನೆ. ಹುಳುಮನೆಗೆ ಹೋಗುವುದಿಲ್ಲ. ಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತದೆ, ಅದಕ್ಕೇ ಏನಾದರೂ ಆದರೆ ನಾನು ಹಾಸಿಗೆಯಲ್ಲೇ ಉಳಿಯಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ.

ಕಳೆದ ವಾರ ನಾಗವೇಣಿ ಒಂದು ಹೊಸ ವಸ್ತು ತಂದಿದ್ದಳು. ಪುಟ್ಟ ಹಿಡಿಯ ತುದಿಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ತಂತಿ. ತರಬೇತಿಯಲ್ಲಿ ಕೊಟ್ಟಿದ್ದಂತೆ. ನೀನು ಕಣ್ಣು ಮುಚ್ಚಿಕೋ, ನಾನು ಕಾಲಿಗೆ ಮುಟ್ಟಿಸುತ್ತೇನೆ, ಗೊತ್ತಾದಾಗಲೆಲ್ಲ ಹ್ಞೂಂ ಎನ್ನು ಎಂದಳು. ಅತ್ತೆ ಅಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನು ಕಣ್ಣು ಮುಚ್ಚಿದೆ. ಹೆಬ್ಬೆರಳಿಗೆ ಮುಟ್ಟಿಸಿದಳು, ಹ್ಞೂಂ ಎಂದೆ. ಪಾದದ ನಡುವೆ ಮುಟ್ಟಿಸಿದಳು, ಸ್ವಲ್ಪ ಕಷ್ಟಪಟ್ಟು ಹ್ಞೂಂ ಎಂದೆ. ಆಮೇಲೆ ಅವಳು ನಿಲ್ಲಿಸಿದಳು. ನಾನು ಕಾದೆ. ಅತ್ತೆ ಕಾಯಿ ಬಿಡಿಸುವ ಸದ್ದೂ ನಿಂತಿತು.

"ಯಾಕೆ ನಿಲ್ಲಿಸ್ದೆ, ಮುಟ್ಟು" ಎಂದೆ.

ಕಣ್ಣು ಬಿಟ್ಟು ನೋಡಿದೆ. ತಂತಿ ನನ್ನ ಹಿಮ್ಮಡಿಗೆ ಒತ್ತಿಕೊಂಡು ಬಾಗಿ ನಿಂತಿತ್ತು.

ಯಾರೂ ಅಳಲಿಲ್ಲ. ಇನ್ನು ಮೇಲೆ ವಾರಕ್ಕೊಮ್ಮೆ ತಾನು ಬಂದರೆ ಸಾಲದು, ದಿನವೂ ಯಾರಾದರೂ ನೋಡಬೇಕು ಎಂದಳು ನಾಗವೇಣಿ. ಅತ್ತೆ ಮಡಿಲಿನ ಸಿಪ್ಪೆ ಕೊಡವಿ ಎದ್ದು, ಕನ್ನಡಕ ಹಾಕಿಕೊಂಡು ಬಂದು, ಅವಳ ಪಕ್ಕ ನೆಲದ ಮೇಲೆ ಕೂತರು.

"ಹೆಂಗೆ ನೋಡ್ಬೇಕು, ನಂಗೂ ತೋರ್ಸು" ಎಂದು ನನ್ನ ಪಾದವನ್ನು ತಮ್ಮ ತೊಡೆಯ ಮೇಲಕ್ಕೆ ಎಳೆದುಕೊಂಡರು.

ಹಿರಿಯರಿಂದ ಕಾಲು ಮುಟ್ಟಿಸಿಕೊಳ್ಳಬಾರದು ಎಂದು ಹಿಂದಕ್ಕೆ ಎಳೆದುಕೊಳ್ಳಲು ಹೋದೆ. ಅವರು ಬಿಡಲಿಲ್ಲ. ಅವರ ಕೈ ನನ್ನ ಹಿಮ್ಮಡಿಯ ಮೇಲಿರುವುದು ಕಾಣುತ್ತಿತ್ತು. ಅದು ಬೆಚ್ಚಗಿತ್ತೋ ತಣ್ಣಗಿತ್ತೋ ನನಗೆ ತಿಳಿಯಲಿಲ್ಲ.